ನಮ್ಮೂರ ಕಪ್ಪೆಗೆ ಬರ ಗೊತ್ತು, ಕೊಟ್ಟಿಗೆಹಾರದ ಕಪ್ಪೆಗೆ ಗೊತ್ತಿಲ್ಲ

ಹೋದ ಮೇ ತಿಂಗಳಲ್ಲಿ ಮೊದಲ ಜೋರು ಮಳೆ ಹೊಯ್ದ ಮರುದಿನ ಬೆಳಿಗ್ಗೆ ಅಕ್ಕನ ಮಗ ಒಂದು ವಿಡಿಯೊ ಕಳಿಸಿದ. ತುಮಕೂರು ಜಿಲ್ಲೆಯ ಗುಬ್ಬಿ ಹತ್ತಿರ ಅವರ ತೆಂಗಿನ ತೋಟದ ಮಗ್ಗುಲಲ್ಲಿ ಜೆಸಿಬಿ ಮಣ್ಣು ತೆಗೆದ ಗುಂಡಿಯೊಂದಿದೆ. ಹಿಂದಿನ ದಿನದವರೆಗೆ ಅದರಲ್ಲಿ ಒಣಗಿದ ಗರಿ ಬಿಟ್ಟರೆ ಏನೂ ಇರಲಿಲ್ಲ. ಈಗ ಕೆಂಪು ನೀರು. ಆ ನೀರಿನ ತುಂಬ ನಿಂಬೆಹಣ್ಣಿನ ಬಣ್ಣದ ದಪ್ಪ ದಪ್ಪ ಕಪ್ಪೆಗಳು. ಗಂಟಲಿನ ಎರಡೂ ಬದಿಗೆ ನೀಲಿ ಬಲೂನು ಊದಿಸಿಕೊಂಡು, ಒಂದರ ಮೇಲೊಂದು ಬೀಳುತ್ತಾ ಕಿರುಚುತ್ತಿದ್ದವು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕೂಡಲೇ ಚರ್ಚೆ ಶುರು. ವಿಷದ ಕಪ್ಪೆ ಅಂತ ಒಬ್ಬರು, ಹೊರದೇಶದ್ದಿರಬೇಕು ಅಂತ ಇನ್ನೊಬ್ಬರು. ಎರಡೂ ಅಲ್ಲ. ಅದು ನಮ್ಮದೇ ಗೋಂಕರುಕಪ್ಪೆ. ಮೊದಲ ಮಳೆಗೆ ಗಂಡುಗಳು ಕೆಲವು ದಿನ ಹೀಗೆ ಮದುಮಗನ ವೇಷ ಹಾಕುತ್ತವೆ. ಆಮೇಲೆ ಮತ್ತೆ ಅದೇ ಕೊಳೆ ಹಸಿರು.

ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಫೋನ್ ಮಾಡಿ, "ಮಾಮ, ಒಂದೇ ಗುಂಡೀಲಿ ಇಷ್ಟೊಂದ್ ಇವೆ. ಮತ್ತೆ ಕಪ್ಪೆಗಳು ಅಳಿದು ಹೋಗ್ತಿವೆ ಅಂತ ಪೇಪರಲ್ಲಿ ಯಾಕ್ ಬರೀತಾರೆ?" ಅಂದ.

ನ್ಯಾಯವಾದ ಪ್ರಶ್ನೆ. ಅವನಿಗೆ ಫೋನಿನಲ್ಲಿ ಅರ್ಧ ಹೇಳಿದ್ದೆ. ಪೂರ್ತಿ ಇಲ್ಲಿ ಹೇಳುತ್ತೇನೆ.

ಕಪ್ಪೆ ಅಂದರೆ ಒಂದು ಪ್ರಾಣಿ ಅಲ್ಲ. ಹಕ್ಕಿ ಅಂದ ಹಾಗೆ, ಅದು ಒಂದು ದೊಡ್ಡ ಬಳಗದ ಹೆಸರು. ಹಿತ್ತಲಲ್ಲಿ ಕಾಗೆ ಜಾಸ್ತಿ ಇದೆ ಅಂದ ಮಾತ್ರಕ್ಕೆ ಅಳಿವಿನಂಚಿನ ಎರ್ಲಡ್ಡು ಹಕ್ಕಿ ಕ್ಷೇಮವಾಗಿದೆ ಅಂತ ಅಲ್ಲವಲ್ಲ. 2023ರಲ್ಲಿ ಜಗತ್ತಿನ ಉಭಯವಾಸಿಗಳ ದೊಡ್ಡ ಲೆಕ್ಕವೊಂದು ಪ್ರಕಟವಾಯಿತು. ಕಪ್ಪೆ, ಹಲ್ಲಿಯಂತೆ ಕಾಣುವ ಸಾಲಮಾಂಡರ್, ಕಾಲಿಲ್ಲದ ಸಿಸಿಲಿಯನ್ ಎಲ್ಲ ಸೇರಿ 8,011 ಜಾತಿಗಳನ್ನು ಪರಿಶೀಲಿಸಿದ್ದರು. ಅವುಗಳಲ್ಲಿ ನೂರಕ್ಕೆ 41 ಅಳಿವಿನ ಅಪಾಯದಲ್ಲಿವೆ. ಗೋಂಕರುಕಪ್ಪೆ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಹೆಚ್ಚಾಗಿ ಇರುವವು ಬೆಟ್ಟದ ಮಳೆಕಾಡಿನವು, ಅದರಲ್ಲೂ ಒಂದೊಂದು ಹಳ್ಳಕ್ಕೆ, ಒಂದೊಂದು ಕಣಿವೆಗೆ ಅಂಟಿಕೊಂಡವು. ಅಂಥದ್ದೇ ಒಂದನ್ನು ಹಿಡಿದುಕೊಂಡು ಮಾತಾಡೋಣ. ಕೊಟ್ಟಿಗೆಹಾರದ ಕುಣಿಯುವ ಕಪ್ಪೆ.

ತುಮಕೂರಿನಿಂದ ಧರ್ಮಸ್ಥಳಕ್ಕೆ ಚಾರ್ಮಾಡಿ ದಾರಿಯಲ್ಲಿ ಹೋದವರಿಗೆ ಕೊಟ್ಟಿಗೆಹಾರ ಗೊತ್ತು. ಘಟ್ಟ ಇಳಿಯುವ ಮುಂಚೆ ಸಿಗುವ ಸಣ್ಣ ಊರು. ನೀರುದೋಸೆಗೆ ಹೆಸರುವಾಸಿ. ಆದರೆ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಆ ಊರು ಇರುವುದು ದೋಸೆಯಿಂದಲ್ಲ, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಕಪ್ಪೆಯಿಂದ. ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಅಂತ ಅದರ ಶಾಸ್ತ್ರೀಯ ಹೆಸರು. 1937ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್. 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಇವರೇ. ಕೊಟ್ಟಿಗೆಹಾರ ಇರುವ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತ ಹೆಸರು.

ರಾಯರ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅವರು ವಿವರಿಸಿದ ಕಪ್ಪೆಗಳ ಮೂಲ ಮಾದರಿಗಳು ಕಾಲಾಂತರದಲ್ಲಿ ಸಿಗದೇ ಹೋದವು. ಹಾಗಾಗಿ ಅವರು ಹೇಳಿದ್ದು ಯಾವ ಕಪ್ಪೆ ಅಂತ ಮುಂದಿನವರು ದಶಕಗಟ್ಟಲೆ ತಲೆ ಕೆಡಿಸಿಕೊಂಡರು. 1920ರಲ್ಲಿ ಅವರು ಬರೆದಿದ್ದ ಕೊಡಗಿನ ಇರುಳುಗಪ್ಪೆ 91 ವರ್ಷ ಯಾರ ಕಣ್ಣಿಗೂ ಬೀಳದೆ, 2011ರಲ್ಲಿ ಮತ್ತೆ ಸಿಕ್ಕಿತು. 2010ರಲ್ಲಿ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ಅವರ ನೆನಪಲ್ಲಿ ರಾವರ್ಕೆಸ್ಟಿಸ್ ಅಂತ ಹೆಸರಿಟ್ಟರು. ಶುರುವಿನಲ್ಲಿರುವ 'ರಾವ್' ನಮ್ಮ ನಾರಾಯಣರಾಯರದ್ದು. ಹೊರಗಿನವರಿಗೆ ಗೊತ್ತಿರುವಷ್ಟು ಈ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ ಅನ್ನೋದು ನನ್ನ ತಕರಾರು. ಇರಲಿ.

ಕಪ್ಪೆ ಕುಣಿಯುವುದು ಯಾಕೆ?

ಗಂಡು ಕಪ್ಪೆಗೆ ಕೂಗುವುದೇ ಕೆಲಸ. ಹೆಣ್ಣನ್ನು ಕರೆಯಲು, ಪಕ್ಕದ ಗಂಡನ್ನು ಓಡಿಸಲು ಕೂಗಬೇಕು. ಗುಬ್ಬಿಯ ಗುಂಡಿಯಲ್ಲಿ ಅದಕ್ಕೆ ಅಡ್ಡಿಯಿಲ್ಲ, ನಿಂತ ನೀರು ಸದ್ದು ಮಾಡುವುದಿಲ್ಲ. ಮಲೆನಾಡಿನ ಹಳ್ಳ ಹಾಗಲ್ಲ. ಕಲ್ಲಿನಿಂದ ಕಲ್ಲಿಗೆ ಬೀಳುತ್ತಾ ಇಡೀ ದಿನ ಭೋರಿಡುತ್ತದೆ. ಅಲ್ಲಿ ಮನುಷ್ಯರೇ ಒಬ್ಬರ ಕಿವಿಗೆ ಒಬ್ಬರು ಬಾಗಿ ಮಾತಾಡಬೇಕು. ಇನ್ನು ಎರಡು ಗ್ರಾಂ ತೂಗದ ಕಪ್ಪೆಯ ಕೂಗು ಎಷ್ಟು ದೂರ ಹೋದೀತು? ಅದಕ್ಕೆ ಅದು ಕೂಗಿನ ಜತೆ ಸನ್ನೆಯನ್ನೂ ಕಲಿತಿದೆ. ಒದ್ದೆ ಬಂಡೆಯ ಮೇಲೆ ಕೂತು ಗಂಟಲಿನ ಬಿಳಿ ಚೀಲ ಉಬ್ಬಿಸಿ ಟಿಕ್ ಟಿಕ್ ಅನ್ನುತ್ತದೆ. ಆಮೇಲೆ ಒಂದು ಹಿಂಗಾಲನ್ನು ಮೆಲ್ಲಗೆ ಹಿಂದಕ್ಕೆ, ಮೇಲಕ್ಕೆ ಪೂರ್ತಿ ಚಾಚುತ್ತದೆ. ಬೆರಳುಗಳನ್ನು ಬಿಡಿಸಿ ಜಾಲಪಾದವನ್ನು ಬೀಸಣಿಗೆ ಹಾಗೆ ತೋರಿಸುತ್ತದೆ. ಒಂದು ಕ್ಷಣ ಹಾಗೇ ಹಿಡಿದು, ಮತ್ತೆ ಮಡಿಸಿಕೊಳ್ಳುತ್ತದೆ. ಸಂತೆಯ ಗದ್ದಲದಲ್ಲಿ ನಾವು ಕೂಗಿ ಸಾಕಾಗಿ ಟವೆಲ್ ಬೀಸುತ್ತೇವಲ್ಲ, ಅದೇ ಲೆಕ್ಕ. ಎದುರಾಳಿ ತೀರಾ ಹತ್ತಿರ ಬಂದರೆ ಅದೇ ಕಾಲಲ್ಲಿ ಒದೆಯೂ ಬೀಳುತ್ತದೆ.

ಈ ಕುಲದ ಕಪ್ಪೆಗಳು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇವನ್ನು ಎಣಿಸುವುದು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೇ. ಎಲ್ಲವೂ ಕಂದು, ಎಲ್ಲವೂ ಚಿಕ್ಕವು, ಎಲ್ಲವೂ ಕಲ್ಲಿನ ಬಣ್ಣ. 2014ರಲ್ಲಿ ಡಿಎನ್‌ಎ ಹಿಡಿದು ನೋಡಿದಾಗ ಒಂದೇ ಸಲಕ್ಕೆ 14 ಹೊಸ ಜಾತಿಗಳು ಹೊರಬಿದ್ದವು. ಹಳೆಯವೂ ಸೇರಿ ಲೆಕ್ಕ 24ಕ್ಕೆ ಬಂತು. ಅವುಗಳಲ್ಲಿ ಬಹುಪಾಲು ಇವತ್ತು ಅಪಾಯದ ಪಟ್ಟಿಯಲ್ಲಿವೆ.

ಯಾಕೆ ಅಂತ ಅರ್ಥ ಆಗಬೇಕಾದರೆ ಅದರ ಸಂಸಾರ ನೋಡಬೇಕು. ನಮ್ಮ ಕಪ್ಪೆಗಳು ಮಳೆ ಬಿದ್ದ ದಿನವೇ ಗಡಿಬಿಡಿ ಮಾಡುತ್ತವೆ. ಕುಣಿಯುವ ಕಪ್ಪೆ ಉಲ್ಟಾ. ಮಳೆಗಾಲ ಕಳೆದು, ಹಳ್ಳದ ಅಬ್ಬರ ತಗ್ಗಿ, ನೀರು ತಿಳಿಯಾಗುವವರೆಗೆ ಕಾಯುತ್ತದೆ. ಹೆಚ್ಚು ಕಮ್ಮಿ ದಸರೆ, ದೀಪಾವಳಿ ಕಳೆದ ಮೇಲಿನ ದಿನಗಳು. ಆಗ ಹೆಣ್ಣು ಹರಿಯುವ ನೀರಿನ ತಳದಲ್ಲಿ ಹಿಂಗಾಲಿನಿಂದ ಮರಳು ಕೆದಕಿ ಸಣ್ಣ ಕುಳಿ ಮಾಡುತ್ತದೆ. ಅದರಲ್ಲಿ ಮೊಟ್ಟೆ ಇಟ್ಟು ಮತ್ತೆ ಮರಳು ಮುಚ್ಚುತ್ತದೆ.

ಆ ಮೊಟ್ಟೆಗಳಿಂದ ಬರುವ ಗೊದಮೊಟ್ಟೆಗಳನ್ನು ಬಹಳ ಕಾಲ ಯಾರೂ ನೋಡಿರಲಿಲ್ಲ. ನೋಡುವುದು ಹೇಗೆ, ಅವು ನೀರಲ್ಲಿ ಈಜುವುದೇ ಇಲ್ಲ! 2016ರಲ್ಲಿ ಈ ಕುಲದ ಒಂದು ಜಾತಿಯ ಗೊದಮೊಟ್ಟೆಗಳು ಹಳ್ಳದ ತಳದ ಮರಳಿನೊಳಗೆ ಸಿಕ್ಕವು. ಹಾವುಮೀನಿನ ಹಾಗೆ ಉದ್ದ ಮೈ. ಮರಳು ಚುಚ್ಚದಂತೆ ಕಣ್ಣಿನ ಮೇಲೆ ಚರ್ಮದ ಹೊದಿಕೆ. ಗೊದಮೊಟ್ಟೆಗಳಲ್ಲಿ ಅಪರೂಪವಾದ ಪಕ್ಕೆಲುಬು. ಹೊಟ್ಟೆಯಲ್ಲಿ ನೋಡಿದರೆ ಮರಳು. ಅದರ ಜತೆಗಿರುವ ಕೊಳೆತ ಕಸವೇ ಆಹಾರ. ಗೊದಮೊಟ್ಟೆ ಅಂದರೆ ಕೆರೆಯಂಚಿನ ಕಪ್ಪು ಬಾಲದ ಮರಿ ಅಂತ ತಿಳಿದಿದ್ದ ನನಗೆ ಇದನ್ನು ಓದಿದ ದಿನ ಬೇರೆ ಕೆಲಸ ಆಗಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಕಪ್ಪೆಯ ಬದುಕಿನ ಪ್ರತಿ ಹೆಜ್ಜೆಗೂ ಬೇಕಾಗಿರುವುದು ಬರೀ ನೀರಲ್ಲ, ನಂಬಿಕಸ್ತ ನೀರು. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತಣ್ಣಗೆ, ತೆಳ್ಳಗೆ, ಕೆಸರಿಲ್ಲದೆ ಹರಿಯಬೇಕು. ನವೆಂಬರಿನಲ್ಲಿ ದಿಢೀರ್ ದೊಡ್ಡ ಮಳೆ ಬಂದರೆ ಮರಳಿನ ಜತೆ ಮೊಟ್ಟೆಯೂ ಕೊಚ್ಚಿಹೋಗುತ್ತದೆ. ಜನವರಿಗೇ ಹಳ್ಳ ಒಣಗಿದರೆ ಮರಳಿನೊಳಗಿನ ಮರಿ ಅಲ್ಲೇ ಒಣಗುತ್ತದೆ. ಲಕ್ಷಾಂತರ ವರ್ಷ ಆ ಹಳ್ಳಗಳು ಮಾತು ತಪ್ಪಿರಲಿಲ್ಲ. ಅದಕ್ಕೇ ಕಪ್ಪೆ ಬೇರೆ ಉಪಾಯ ಕಲಿಯಲಿಲ್ಲ.

ನಮ್ಮ ಬಯಲುಸೀಮೆ ಕಪ್ಪೆ ಪೂರ್ತಿ ಬೇರೆ ಶಾಲೆಯಲ್ಲಿ ಓದಿದ್ದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600ರಿಂದ 700 ಮಿ.ಮೀ. ಮಳೆ. ಆಗುಂಬೆಯಲ್ಲಿ ಅದು 7,000 ಮಿ.ಮೀ. ದಾಟುತ್ತದೆ. ನಮ್ಮ ವರ್ಷದ ಮಳೆ ಅವರ ಆಷಾಢದ ಹತ್ತು ಹದಿನೈದು ದಿನದ ಬಾಬತ್ತು. ಅದೂ ನಮಗೆ ಹೇಳಿದ ಟೈಮಿಗೆ ಬರುವುದಿಲ್ಲ. ಬಾರದಿದ್ದರೆ ಕಪ್ಪೆಗೆ ಮದುವೆ ಮಾಡಿಸಿ, ಮಳೆರಾಯನನ್ನು ಹೊತ್ತು ಮನೆಮನೆ ತಿರುಗುವ ಸೀಮೆ ನಮ್ಮದು.

ಇಲ್ಲಿ ಬಿಲ ತೋಡುವ ಕಪ್ಪೆಗಳಿವೆ. ಗುಂಡಗೆ, ನುಣ್ಣಗೆ, ಮಣ್ಣಿನ ಬಣ್ಣ. 2020ರಲ್ಲಿ ಬೆಂಗಳೂರಿನ ಹೊರಗಿನ ರಾಜಾನುಕುಂಟೆ ಕಡೆ ಸಿಕ್ಕ ಇಂಥ ಒಂದು ಜಾತಿಗೆ ಸ್ಫೀರೋಥೀಕಾ ಬೆಂಗಳೂರು ಅಂತಲೇ ಹೆಸರಿಟ್ಟಿದ್ದಾರೆ. ಬೇಸಿಗೆ ಉಳುಮೆಯಲ್ಲಿ ಹೆಂಟೆ ಒಡೆದಾಗ ಒಳಗಿಂದ ಉಂಡೆಯಂಥ ಕಪ್ಪೆ ಹೊರಳಿದ್ದನ್ನು ನೋಡಿದ ರೈತರು ಬೇಕಾದಷ್ಟು ಜನ ಇದ್ದಾರೆ. ಅದರ ಹಿಮ್ಮಡಿ ಹತ್ತಿರ ಗುದ್ದಲಿಯ ಹಾಗೆ ಗಟ್ಟಿ ಗಂಟೊಂದಿರುತ್ತದೆ. ಅಂಗೈಯಲ್ಲಿದ್ದದ್ದನ್ನು ಮೆತ್ತಗಿನ ಮಣ್ಣಿನ ಮೇಲೆ ಬಿಟ್ಟು ನೋಡಿ. ಅದು ಓಡುವುದಿಲ್ಲ. ಕೂತಲ್ಲೇ ಕುಂಡೆ ಅಲ್ಲಾಡಿಸುತ್ತಾ, ಒಮ್ಮೆ ಎಡಗಾಲು ಒಮ್ಮೆ ಬಲಗಾಲು ತಳ್ಳುತ್ತಾ ಹಿಮ್ಮುಖವಾಗಿ ಇಳಿಯುತ್ತದೆ. ಕೊನೆಗೆ ಎರಡು ಕಣ್ಣು ಮಾತ್ರ ಮೇಲಿರುತ್ತವೆ. ಅವೂ ಮುಚ್ಚಿ, ಮಣ್ಣು ಕೂಡಿಕೊಳ್ಳುತ್ತದೆ. ಆಮೇಲೆ ಮಳೆ ಬರುವವರೆಗೆ ತಿಂಗಳುಗಟ್ಟಲೆ ನೆಲದೊಳಗೇ. ಮಳೆ ಬಂದ ರಾತ್ರಿ ಎದ್ದು, ಗುಂಡಿಯಲ್ಲಿ ಮೊಟ್ಟೆ ಇಟ್ಟು, ಗುಂಡಿ ಒಣಗುವ ಮೊದಲು ಮರಿಗಳಿಗೆ ಕಾಲು ಮೂಡಬೇಕು. ಗೋಂಕರುಕಪ್ಪೆಯ ಮರಿಗಳಂತೂ ಬೇಗ ಬೆಳೆಯಲು ಪಕ್ಕದ ಮರಿಗಳನ್ನೇ ತಿನ್ನುತ್ತವೆ. ಚೆಂದದ ವಿಷಯ ಅಲ್ಲ, ಆದರೆ ಬರಗಾಲದ ಲೆಕ್ಕ ಹಾಗೇ ಇರುತ್ತದೆ.

"ಹಾಗಾದ್ರೆ ಆ ಕುಣಿಯೋ ಕಪ್ಪೇನ ತಂದು ದೇವರಾಯನದುರ್ಗದಲ್ಲಿ ಬಿಡೋಣ, ನಾಮದ ಚಿಲುಮೇಲಿ ವರ್ಷಪೂರ್ತಿ ನೀರಿರತ್ತೆ" ಅಂದ ಹುಡುಗ. ನೋಡಲು ಸರಿಯಾದ ಯೋಚನೆಯೇ. ದೇವರಾಯನದುರ್ಗ ಸುಮಾರು 1,200 ಮೀಟರ್, ನಂದಿಬೆಟ್ಟ 1,478 ಮೀಟರ್. ಕೊಟ್ಟಿಗೆಹಾರ ಸಾವಿರ ಮೀಟರಿನ ಆಸುಪಾಸು ಅಷ್ಟೆ. ಎತ್ತರದಲ್ಲಿ ನಮ್ಮ ಬೆಟ್ಟಗಳೇ ಮೇಲು! ಆದರೆ ಅರಬ್ಬೀ ಸಮುದ್ರದಿಂದ ಬರುವ ಮೋಡ ಮೊದಲು ಹೊಡೆಯುವುದು ಪಶ್ಚಿಮ ಘಟ್ಟಕ್ಕೆ. ಅಲ್ಲಿ ಸುರಿದು ಖಾಲಿಯಾಗಿ, ಉಳಿದ ತುಣುಕು ನಮ್ಮ ಕಡೆ ಬರುತ್ತದೆ. ನಾಮದ ಚಿಲುಮೆಯ ಬುಗ್ಗೆ ಜಿನುಗುತ್ತದೆ, ನಿಜ. ರಾಮನ ಬಾಣಕ್ಕೆ ಚಿಮ್ಮಿದ ನೀರು ಅಂತ ನಾವು ಕೈಮುಗಿಯುತ್ತೇವೆ. ಆದರೆ ಅದು ಬುಗ್ಗೆ, ಹಳ್ಳ ಅಲ್ಲ. ಕಲ್ಲು ಮರಳಿನ ತಳ, ಮೇಲೆ ಮರಗಳ ಚಪ್ಪರ, ಏಪ್ರಿಲ್‌ನಲ್ಲೂ ಒದ್ದೆಯಾಗಿರುವ ಗಾಳಿ, ಇದೆಲ್ಲ ಎಲ್ಲಿಂದ ತರುವುದು?

ಒದ್ದೆ ಗಾಳಿ ಅಂದೆ. ಕಪ್ಪೆಯ ಚರ್ಮದ ವಿಷಯ ಇಲ್ಲಿಗೆ ಬರುತ್ತದೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಹೊಟ್ಟೆ ಊರಿ ಕೂತರೆ ಚರ್ಮವೇ ನೀರು ಹೀರುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ್ದೇ. ದೇಹದ ಉಪ್ಪಿನಂಶ ಹದವಾಗಿಡುವುದೂ ಅದೇ. ನಮಗೆ ಶ್ವಾಸಕೋಶ, ಗಂಟಲು, ಮೂತ್ರಪಿಂಡ ಮೂರೂ ಮಾಡುವ ಕೆಲಸದಲ್ಲಿ ಅದರ ಚರ್ಮಕ್ಕೆ ಕೈಯಿದೆ. ಹಾಗಾಗಿ ಚರ್ಮಕ್ಕೆ ಏನಾದರೂ ಆಯಿತೋ, ಕಪ್ಪೆ ಮುಗಿಯಿತು.

ಮಧ್ಯ ಅಮೆರಿಕದಲ್ಲಿ ಆದದ್ದು ಅದೇ. ಪನಾಮಾದ ಬೆಟ್ಟದ ತೊರೆಗಳಲ್ಲಿ ಬಂಗಾರದ ಬಣ್ಣದ ಒಂದು ಕಪ್ಪೆ ಇತ್ತು. ಅದೂ ತೊರೆಯ ಸದ್ದಿಗೆ ಸನ್ನೆ ಕಲಿತದ್ದೇ. ನಮ್ಮದು ಕಾಲು ಚಾಚಿದರೆ, ಅದು ಮುಂಗೈ ಎತ್ತಿ ಟಾಟಾ ಮಾಡುತ್ತಿತ್ತು. ಎರಡು ಖಂಡಗಳಲ್ಲಿ, ಪರಸ್ಪರ ನಂಟಿಲ್ಲದ ಎರಡು ಕಪ್ಪೆಗಳಿಗೆ ಒಂದೇ ಉಪಾಯ ಹೊಳೆದಿದೆ. ಆ ದೇಶಕ್ಕೆ ಅದು ಎಷ್ಟು ಪ್ರೀತಿ ಅಂದರೆ ಪ್ರತಿ ಆಗಸ್ಟ್ 14 ಅದರ ಹೆಸರಿನ ದಿನ. 2009ರಿಂದೀಚೆಗೆ ಕಾಡಿನಲ್ಲಿ ಅದು ಕಂಡಿಲ್ಲ. ಮೃಗಾಲಯಗಳಲ್ಲಿ ಸಾಕಿಟ್ಟವು ಮಾತ್ರ ಇವೆ.

ಕಾರಣ ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಕೈಟ್ರಿಡ್ ಅನ್ನುತ್ತಾರೆ. ಅದರ ಬೀಜಕಣಗಳು ನೀರಲ್ಲಿ ಈಜಿ ಬಂದು ಕಪ್ಪೆಯ ಚರ್ಮಕ್ಕೆ ಅಂಟುತ್ತವೆ. ಚರ್ಮ ದಪ್ಪಗಾಗುತ್ತದೆ. ಸೋಡಿಯಂ, ಪೊಟ್ಯಾಸಿಯಂ ಹೀರುವ ಕೆಲಸ ಕೆಡುತ್ತದೆ. ಕೊನೆಗೆ ನಿಲ್ಲುವುದು ಹೃದಯ. 2019ರಲ್ಲಿ ಒಂದು ಅಧ್ಯಯನ ಕೊಟ್ಟ ಲೆಕ್ಕದ ಪ್ರಕಾರ ಈ ಒಂದು ರೋಗದಿಂದ ಕನಿಷ್ಠ 501 ಜಾತಿಯ ಉಭಯವಾಸಿಗಳು ಕಮ್ಮಿಯಾಗಿವೆ. ಅವುಗಳಲ್ಲಿ 90 ಅಳಿದೇ ಹೋಗಿರಬಹುದು. ಒಂದು ರೋಗ ಇಷ್ಟು ಜಾತಿಗಳನ್ನು ತಿಂದದ್ದು ಬೇರೆ ಯಾವ ಪ್ರಾಣಿ ಗುಂಪಿನಲ್ಲೂ ದಾಖಲಾಗಿಲ್ಲ.

ಬೆಟ್ಟದ ಕಪ್ಪೆಗಳೇ ಯಾಕೆ ಜಾಸ್ತಿ ಸತ್ತವು? ಈ ಬೂಷ್ಟಿಗೆ ತಂಪು ಇಷ್ಟ. 17ರಿಂದ 25 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. 28 ದಾಟಿದರೆ ಸೊರಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಗುಂಡಿಯ ನೀರು ಕೈಗೆ ಬೆಚ್ಚಗೆ ತಾಗುತ್ತದಲ್ಲ, ಅದಕ್ಕೆ ಅದೇ ಔಷಧಿ. ಮಳೆಕಾಡಿನ ತೊರೆ ವರ್ಷವಿಡೀ ತಣ್ಣಗೆ. ಕಪ್ಪೆಗೆ ಹಿತವಾದದ್ದೇ ರೋಗಕ್ಕೂ ಹಿತ.

ಪಶ್ಚಿಮ ಘಟ್ಟದ ಕಪ್ಪೆಗಳ ಮೇಲೂ ಕೈಟ್ರಿಡ್ ಪತ್ತೆಯಾಗಿದೆ. ಆದರೆ ಪನಾಮಾದ ಹಾಗೆ ಇಲ್ಲಿ ರಾಶಿ ರಾಶಿ ಸತ್ತ ವರದಿಯಿಲ್ಲ. ಅದರ ಮೂಲ ಪೂರ್ವ ಏಷ್ಯಾ ಅಂತ 2018ರ ಒಂದು ಸಂಶೋಧನೆ ತೋರಿಸಿದೆ. ಹಾಗಾಗಿ ಈ ಕಡೆಯ ಕಪ್ಪೆಗಳಿಗೆ ಅದರ ಹಳೇ ಪರಿಚಯ ಇರಬಹುದು. ಇದು ಸಮಾಧಾನದ ಮಾತು. ಆದರೆ ನಮ್ಮ ಕುಣಿಯುವ ಕಪ್ಪೆಗೆ ಗಂಡಾಂತರ ಬರುವ ದಾರಿ ಬೇರೆ.

ಒಂದು, ಬಿಸಿ. ಬೆಟ್ಟದಲ್ಲಿ ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು. ಊರಿಗೆ ಒಂದು ಡಿಗ್ರಿ ಸೆಕೆ ಜಾಸ್ತಿಯಾದರೆ, ಹಳೇ ತಂಪು ಬೇಕಾದ ಪ್ರಾಣಿ ನೂರೈವತ್ತು ಮೀಟರಿನಷ್ಟು ಮೇಲೆ ಹೋಗಬೇಕು. ದೇವರಾಯನದುರ್ಗವನ್ನೇ ನೆನಪು ಮಾಡಿಕೊಳ್ಳಿ. ಕೆಳಗೆ ಭೋಗನರಸಿಂಹ, ತುದಿಯಲ್ಲಿ ಯೋಗನರಸಿಂಹ. ಭೋಗನರಸಿಂಹನ ಹತ್ತಿರ ಸೆಕೆಯಾದರೆ ಮೇಲೆ ಹತ್ತಬಹುದು. ಯೋಗನರಸಿಂಹನ ಗುಡಿ ದಾಟಿದರೆ? ಆಕಾಶ. ಕುಣಿಯುವ ಕಪ್ಪೆಗೆ ಇನ್ನೂ ಕಷ್ಟ, ಅದಕ್ಕೆ ಬೆಟ್ಟ ಸಾಲದು, ಹಳ್ಳ ಬೇಕು. ಮೇಲೆ ಹೋದಷ್ಟೂ ಹಳ್ಳ ಸಣ್ಣದಾಗುತ್ತಾ ಹುಲ್ಲಿನಲ್ಲಿ ಕಾಣೆಯಾಗುತ್ತದೆ.

ಕೋಸ್ಟರಿಕಾದ ಮಾಂಟೆವರ್ಡೆ ಬೆಟ್ಟದಲ್ಲಿ ಇದರ ಒಂದು ಕಥೆ ನಡೆದುಹೋಗಿದೆ. ಅಲ್ಲಿನ ಹೊಂಬಣ್ಣದ ನೆಲಗಪ್ಪೆ ಇದ್ದದ್ದೇ ಬೆಟ್ಟದ ನೆತ್ತಿಯ ಕೆಲವೇ ಚದರ ಕಿಲೋಮೀಟರಿನಲ್ಲಿ. 1987ರಲ್ಲಿ 1,500ಕ್ಕೂ ಹೆಚ್ಚು ಕಂಡವು. ಆ ವರ್ಷ ಒಣ ಹವೆ, ಮೊಟ್ಟೆ ಇಟ್ಟ ಗುಂಡಿಗಳು ಬತ್ತಿದವು. 1988ರಲ್ಲಿ ಕಂಡದ್ದು 10. 1989ರಲ್ಲಿ ಒಂದು ಗಂಡು. ಆಮೇಲೆ ಇಲ್ಲ. 2004ರಲ್ಲಿ ಅಳಿದಿದೆ ಅಂತ ಘೋಷಿಸಿದರು. ಬರದಿಂದಲೋ ಬೂಷ್ಟಿನಿಂದಲೋ ಅನ್ನುವ ವಾದ ವಿಜ್ಞಾನಿಗಳ ನಡುವೆ ಬಹಳ ಕಾಲ ನಡೆಯಿತು. ಗುಬ್ಬಿಯಲ್ಲಿ ಒಂದು ವರ್ಷ ಮಳೆ ಕೈಕೊಟ್ಟರೆ ಕಪ್ಪೆ ಮಣ್ಣಲ್ಲಿ ಇನ್ನೊಂದಿಷ್ಟು ದಿನ ಮಲಗಿರುತ್ತದೆ. ಅಲ್ಲಿನದಕ್ಕೆ ಆ ವಿದ್ಯೆ ಗೊತ್ತಿರಲಿಲ್ಲ.

ಉಳಿದ ಕಾರಣಗಳು ದಿನನಿತ್ಯದವು. ಹಳ್ಳದ ಅಂಚಿನ ಮರ ಕಡಿದರೆ ಬಿಸಿಲು ನೇರ ನೀರಿಗೆ ಬೀಳುತ್ತದೆ. ಮೇಲುಗಡೆ ಮಣ್ಣು ಅಗೆದರೆ ಕೆಸರು ಇಳಿದು ಮರಳಿನ ಸಂದು ಮುಚ್ಚುತ್ತದೆ. ತೋಟಕ್ಕೆ ಪಂಪು ಇಟ್ಟರೆ ಫೆಬ್ರುವರಿಗೇ ಹಳ್ಳ ಕಂತುತ್ತದೆ. ಅಡ್ಡ ಕಟ್ಟೆ ಕಟ್ಟಿದರೆ ಹರಿಯುವ ನೀರು ನಿಂತ ನೀರಾಗುತ್ತದೆ. ಕೀಟನಾಶಕ ಬೇರೆ.

ಇನ್ನೊಂದು ನಮಗೆಲ್ಲ ಪರಿಚಯದ್ದೇ. ಸೊಳ್ಳೆಮರಿ ತಿನ್ನಲಿ ಅಂತ ನಮ್ಮ ಕಡೆ ಬಾವಿ, ಹೊಂಡ, ಕಲ್ಯಾಣಿಗೆ ಬಿಡುವ ಸಣ್ಣ ಮೀನು, ಗಂಬೂಸಿಯಾ. ಅಮೆರಿಕ ಮೂಲದ್ದು. ನಮ್ಮ ದೇಶಕ್ಕೆ 1928ರಲ್ಲಿ ಬಂತು. ಬಾವಿಯೊಳಗೇ ಇದ್ದರೆ ಇರಲಿ, ಮಲೇರಿಯಾ ಕಂಡ ಜಿಲ್ಲೆಗಳು ನಮ್ಮವು, ನಾನು ಬೇಡ ಅನ್ನುವುದಿಲ್ಲ. ಆದರೆ ಅದು ಘಟ್ಟದ ಹಳ್ಳ ಸೇರಿದರೆ ಸೊಳ್ಳೆಮರಿಗೂ ಕಪ್ಪೆಮರಿಗೂ ಭೇದ ಮಾಡುವುದಿಲ್ಲ. 2023ರ ಆ ಜಾಗತಿಕ ಲೆಕ್ಕದಲ್ಲಿ, 2004ರಿಂದೀಚೆಗೆ ಪರಿಸ್ಥಿತಿ ಕೆಟ್ಟ ಜಾತಿಗಳಲ್ಲಿ 39 ಶೇಕಡಾಕ್ಕೆ ಹವಾಮಾನ ಬದಲಾವಣೆ, 37 ಶೇಕಡಾಕ್ಕೆ ನೆಲೆ ಕಳೆದುಕೊಂಡದ್ದು ಮುಖ್ಯ ಕಾರಣ ಅಂತಿದೆ. ಬೆಟ್ಟದ ಹಳ್ಳದಲ್ಲಿ ಇವೆರಡನ್ನು ಬಿಡಿಸಿ ನೋಡುವುದು ಕಷ್ಟ. ಎರಡರ ಕೊನೆಯೂ ಒಂದೇ, ನೀರು ಬೇಗ ನಿಲ್ಲುತ್ತದೆ.

ನಾನು ಕುಣಿಯುವ ಕಪ್ಪೆಯನ್ನು ಕಣ್ಣಾರೆ ನೋಡಿದ್ದು ಒಂದೇ ಸಲ. ಕಾರ್ತಿಕದಲ್ಲಿ, ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರದಲ್ಲಿ ಬಸ್ಸು ತಿಂಡಿಗೆ ನಿಂತಿತು. ಎಲ್ಲರೂ ದೋಸೆಗೆ ಕೂತರು. ನಾನು ಸ್ವಲ್ಪ ಹಿಂದೆ ನಡೆದು, ಮೋರಿ ಕೆಳಗಿನ ಹಳ್ಳದ ಪಕ್ಕ ಕೂತೆ. ಮೊದಲ ಐದು ನಿಮಿಷ ಕಲ್ಲು ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಒಂದು ಕಲ್ಲಿನ ಅಂಚಿಂದ ಕಡ್ಡಿಯಂಥದ್ದು ಮೇಲೆದ್ದಿತು. ತುದಿಯಲ್ಲಿ ಪುಟ್ಟ ಬೀಸಣಿಗೆ ಬಿಚ್ಚಿತು. ಎದುರಿನ ಕಲ್ಲಿಂದಲೂ ಒಂದು ಎದ್ದಿತು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಹೊಡೆದರು.

"ವಿಡಿಯೊ ಮಾಡ್ಲಿಲ್ವಾ ಮಾಮ?" ಅಂದ ಹುಡುಗ.

ಇಲ್ಲ ಕಣೋ. ಫೋನು ಜೇಬಿಂದ ತೆಗೆಯುವಷ್ಟರಲ್ಲಿ ಎರಡೂ ಕಾಲು ಮಡಿಸಿಕೊಂಡು ಕಲ್ಲಾಗಿ ಹೋಗಿದ್ದವು.